ಮೇದಿನಿಗೆ ಕಿವಿ ಕೂತಿದ್ದು

ಮಕ್ಕಳನ್ನು ದೊಡ್ಡವರ ವೃಂದದ ನಡುವೆ ಕೂರಿಸಿ ಕಛೇರಿ ಮಾಡಿಸುವ ಈ ಚಾಳಿಯನ್ನು ಯಾರು ಶುರು ಮಾಡಿದರೋ, ಅವರು ನನ್ನ ಕೈಗೆ ಒಮ್ಮೆ ಸಿಗಬೇಕಿತ್ತು. ವರ್ಷಕ್ಕೊಂದು ಸಲ, ಬೇಸಿಗೆ ರಜೆ ಮುಗಿಯುವ ಹೊತ್ತಿಗೆ, ನಮ್ಮೂರಿನ ವಾದ್ಯವೃಂದದ ವಿದ್ವಾಂಸರ ಮಧ್ಯೆ ಇಬ್ಬರು ಮಕ್ಕಳನ್ನು ತಂದು ಕೂರಿಸುತ್ತಾರೆ. ಊರಿಗೆ ಊರೇ ಬಂದು ಚಪ್ಪಾಳೆ ತಟ್ಟುತ್ತದೆ. ಮಕ್ಕಳ ಅಪ್ಪ ಅಮ್ಮಂದಿರು ರೇಷ್ಮೆ ಉಟ್ಟುಕೊಂಡು ಮುಂದಿನ ಸಾಲಿಗಾಗಿ ಜಗಳ ಆಡುತ್ತಾರೆ. ಮಾರನೆಯ ದಿನ ಎಲ್ಲರೂ ತಿರುಮಲೆ ಮೇಷ್ಟ್ರ ಕೈ ಕುಲುಕಿ, ಎಂಥಾ ಮಕ್ಕಳನ್ನು ತಯಾರು ಮಾಡಿದಿರಿ ಎನ್ನುತ್ತಾರೆ. ಅಲ್ಲಿಯವರೆಗಿನ ತಲೆನೋವೆಲ್ಲ ನನ್ನದು. ಯಾಕೆಂದರೆ ಆ ಮಕ್ಕಳಿಗೆ ಕಿವಿ ಕೂರುವವಳು ನಾನು, ಅಂಬುಜಾಕ್ಷಿ.

ನಮ್ಮೂರಲ್ಲಿ ಯಾರು ಹಾಡಿದರೂ, ಯಾರು ಏನು ನುಡಿಸಿದರೂ, ಅದು ಅವರವರಿಗೆ ಕೇಳಿಸುವುದಿಲ್ಲ. ಮಾತು ಕೇಳುತ್ತದೆ, ಕೆಮ್ಮು ಕೇಳುತ್ತದೆ, ಪಕ್ಕದವರ ಹಾಡು ಚೆನ್ನಾಗಿಯೇ ಕೇಳುತ್ತದೆ. ತನ್ನದು ಮಾತ್ರ ಇಲ್ಲ. ಇದರಲ್ಲಿ ಅಂಥ ಆಶ್ಚರ್ಯವೇನೂ ನಮಗೆ ಕಾಣುವುದಿಲ್ಲ, ಯಾರಿಗೆ ತಾನೆ ತಮ್ಮ ಬೆನ್ನು ಕಾಣುತ್ತದೆ? ಬಚ್ಚಲಲ್ಲಿ ಹಾಡುವವರು ಇಲ್ಲಿ ಕಡಿಮೆ, ಹಾಡಿದರೆ ಅದರ ಪುಣ್ಯವೋ ಪಾಪವೋ ಪಕ್ಕದ ಮನೆಯವರದು. ಲಾಲಿ ಹಾಡುವ ತಾಯಿಗೆ ಹಾಡು ಹೇಗಿತ್ತೆಂದು ತಿಳಿಯುವುದು ಕೂಸು ಕಣ್ಣು ಮುಚ್ಚಿದ ಮೇಲೆ. ಹೆಣ್ಣು ನೋಡಲು ಬಂದವರ ಮುಂದೆ ಹಾಡಿದ ಹುಡುಗಿ ಒಳಗೆ ಬಂದು ಅಕ್ಕನನ್ನು ಕೇಳುತ್ತಾಳೆ, ಹೇಗಿತ್ತೇ ಎಂದು, ಅಕ್ಕ ಸುಳ್ಳು ಹೇಳುತ್ತಾಳೆ. ಎಲ್ಲಕ್ಕಿಂತ ಫಜೀತಿ ಗುನುಗುವವರದು. ತಾವು ಗುನುಗುತ್ತಿದ್ದೇವೆ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ. ನಮ್ಮ ಮನೆಯವರು ಗಡ್ಡ ಹೆರೆದುಕೊಳ್ಳುವಾಗ ಮದುವೆಯಾದಂದಿನಿಂದ ಒಂದೇ ಸಾಲನ್ನು, ಅದೂ ತಪ್ಪಾಗಿ, ಗುನುಗುತ್ತಾ ಬಂದಿದ್ದಾರೆ. ತಾವು ಬಹಳ ಮೌನದ ಮನುಷ್ಯ ಎಂದು ಅವರ ನಂಬಿಕೆ.

ಹಾಗಾಗಿ ಸಂಗೀತ ಬೇಕು ಎನ್ನುವವರಿಗೆ ಎದುರಿಗೆ ಒಂದು ಕಿವಿ ಕೂರಬೇಕು. ಮನೆಯಲ್ಲಿ ಅಮ್ಮನೋ ಅಜ್ಜನೋ ಕೂರುತ್ತಾರೆ. ವೇದಿಕೆಗೆ ಬಂದರೆ ಮನೆಯವರು ನಡೆಯುವುದಿಲ್ಲ, ನಮ್ಮಂಥವರು ಬೇಕು. ನಾವು ವೇದಿಕೆಯ ಕೆಳಗೆ, ಜನರಿಗೆ ಬೆನ್ನು ಹಾಕಿ, ನುಡಿಸುವವರ ಮುಖ ನೋಡಿಕೊಂಡು ಕೂರುತ್ತೇವೆ. ಅಂಗೈ ಮೇಲೆ ಮಾಡಿದರೆ ಶ್ರುತಿ ಏರಿಸು ಎಂದು, ಕೆಳಗೆ ಮಾಡಿದರೆ ಇಳಿಸು ಎಂದು, ತೊಡೆ ತಟ್ಟಿದರೆ ಲಯ ಓಡುತ್ತಿದೆ ಎಂದು, ಕಿವಿಯ ಹಾಲೆ ಹಿಡಿದರೆ ಸಾಕು ಮಾಡು ಎಂದು. ಎದೆಯ ಮೇಲೆ ಕೈ ಇಟ್ಟರೆ ಮಾತ್ರ, ಚೆನ್ನಾಗಿದೆ ಎಂದು. ದೊಡ್ಡ ವಿದ್ವಾಂಸರು ಬೆರಳಿನ ಅಭ್ಯಾಸದಲ್ಲೇ ಎಲ್ಲ ತಿಳಿದುಕೊಂಡಿರುತ್ತಾರೆ, ನಾಲ್ಕು ಜನಕ್ಕೆ ಒಂದು ಕಿವಿ ಸಾಕಾಗುತ್ತದೆ. ಮಕ್ಕಳಿಗೆ ಹಾಗಲ್ಲ. ಅವರನ್ನು ಕಣ್ಣು ಮಿಟುಕಿಸದೆ ಕಾಯಬೇಕು.

ನಾನು ಎದೆಯ ಮೇಲೆ ಕೈ ಇಡುವವಳಲ್ಲ ಎಂದು ಊರಿಗೆಲ್ಲ ಗೊತ್ತು. ಅಂಬುಜಾಕ್ಷಿಯ ಕೈ ಎದೆಗೆ ಹೋಯಿತು ಅಂದರೆ ಡಾಕ್ಟರನ್ನು ಕರೆಯಬೇಕು ಎಂದು ತಮಾಷೆ ಮಾಡುತ್ತಾರೆ. ಮಾಡಲಿ. ಸುಮ್ಮಸುಮ್ಮನೆ ಕೈ ಇಡುವ ಕಿವಿಗಳು ಊರ ತುಂಬ ಇದ್ದಾರೆ, ಅವರಿಂದಾಗಿಯೇ ಬೀದಿಗೆ ಇಬ್ಬರಂತೆ ಅರೆಬೆಂದ ಪಿಟೀಲುಗಾರರೂ ಇದ್ದಾರೆ.

ಈ ಸಲ ನನ್ನ ಪಾಲಿಗೆ ಬಂದವರು ಕೊಳಲಿನ ಪ್ರಹ್ಲಾದ ಮತ್ತು ಪಿಟೀಲಿನ ಮೇದಿನಿ. ಇಬ್ಬರಿಗೂ ಹದಿಮೂರು ವರ್ಷ. ಪ್ರಹ್ಲಾದನದು ಒಳ್ಳೆಯ ಉಸಿರು, ಚುರುಕು ಬೆರಳು, ಅದಕ್ಕಿಂತ ದೊಡ್ಡದು ಅವನ ಆತ್ಮವಿಶ್ವಾಸ. ತನ್ನ ಕೊಳಲು ತನಗೆ ಕೇಳಿಸದಿದ್ದರೂ ಅದು ಅದ್ಭುತವಾಗಿದೆ ಎಂಬುದರಲ್ಲಿ ಅವನಿಗೆ ಒಂದು ಚೂರೂ ಅನುಮಾನವಿರಲಿಲ್ಲ. "ಮೇಲಿನ ಷಡ್ಜ ಯಾವಾಗ್ಲೂ ಏರ್ತಿದೆ ಕಣೋ," ಎಂದರೆ, "ಅದೊಂದು ಬಿಟ್ರೆ ಮಿಕ್ಕಿದ್ದೆಲ್ಲ ಚೆನ್ನಾಗಿದೆಯಲ್ಲ ಕಿವಿಯಮ್ಮಾ?" ಎನ್ನುತ್ತಿದ್ದ. ಅವನ ಜೊತೆಗೆ ಅವನ ತಾತ. ಇಷ್ಟು ವರ್ಷ ಮೊಮ್ಮಗನಿಗೆ ಕಿವಿ ಕೂತವರು, ಈಗ ಮನೆಯಲ್ಲಿರಿ ಎಂದರೆ ಕೇಳಲಿಲ್ಲ. ಮೊದಲ ದಿನದ ಅಭ್ಯಾಸಕ್ಕೇ ಬಂದು ನನ್ನ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು.

ಕೂತವರು ಸುಮ್ಮನಿದ್ದರೆ ಆಗುತ್ತಿತ್ತು. ವೃಂದ ನಿಧಾನವಾಗಿ ಕಲ್ಯಾಣಿ ರಾಗದ ಕೆಳಗಿನ ಸ್ವರಗಳಲ್ಲಿ ಓಡಾಡುತ್ತಿತ್ತು, ಪ್ರಹ್ಲಾದನೂ ಸಭ್ಯನಂತೆ ಅವರ ಜೊತೆ ಹೋಗುತ್ತಿದ್ದ. ತಾತ ನಶ್ಯದ ಡಬ್ಬಿ ತೆಗೆದರು. ಒಂದು ಚಿಟಿಕೆ ಏರಿಸಿ ಗಲ್ಲ ಎತ್ತಿದರು. ಅವರ ಮನೆಯ ಲೆಕ್ಕದಲ್ಲಿ ಗಲ್ಲ ಎತ್ತಿದರೆ ಮೇಲಿನ ಸ್ಥಾಯಿಗೆ ಹೋಗು ಎಂದಂತೆ. ಹುಡುಗ ನೆಗೆದ. ತಾತ ಸೀನಿದರು. ಸೀನುವಾಗ ತಲೆ ಕೆಳಗೆ ಬಂತು, ಹುಡುಗ ಇಳಿದ. ಇನ್ನೊಂದು ಸೀನು, ಮತ್ತೆ ಏರಿದ. ದೊಡ್ಡ ಪಿಟೀಲಿನಂಥ ಚೆಲೋ ನುಡಿಸುವವರು ಇದೇನೋ ಹೊಸ ಸಂಗತಿ ಎಂದು ಬೆದರಿ ನಿಲ್ಲಿಸಿಬಿಟ್ಟರು. ವೃಂದ ನಡೆಸುವ ತಿರುಮಲೆ ಮೇಷ್ಟ್ರು ತಿರುಗಿ ನನ್ನನ್ನು ನುಂಗುವಂತೆ ನೋಡಿದರು. ಹೌದು, ನನ್ನನ್ನೇ. ನಮ್ಮೂರಲ್ಲಿ ಏನು ಕೆಟ್ಟರೂ ಕಿವಿಯದೇ ತಪ್ಪು.

"ಅಂಬುಜಾಕ್ಷಮ್ಮ, ಇವರನ್ನ ಆಚೆ ಕೂರಿಸೋಕೆ ಆಗಲ್ವಾ?"

"ನೀವೇ ಕೂರ್ಸಿ ಮೇಷ್ಟ್ರೇ. ನಿಮಗೇ ಭಾವಮೈದ ತಾನೆ?" ಎಂದೆ. ಅವರು ವೃಂದದ ಕಡೆ ತಿರುಗಿಕೊಂಡರು. ತಾತ ಮೂಗು ಒರೆಸಿಕೊಂಡು ಅಲ್ಲೇ ಕೂತರು.

ಇಷ್ಟಾದರೂ ಪ್ರಹ್ಲಾದನ ಕಾಟ ಕಾಟವೇ ಅಲ್ಲ. ಅಂಥವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ನನ್ನ ಜೀವ ಹಿಂಡಿದ್ದು ಆ ಹುಡುಗಿ.

ಮೇದಿನಿ ಮೊದಲ ದಿನ ಬಂದಾಗ ನೋಡಲು ಏನೂ ಇರಲಿಲ್ಲ. ಎರಡು ಜಡೆ, ಉಗುರು ಕಚ್ಚಿ ಕಚ್ಚಿ ಮೊಂಡಾದ ಬೆರಳು, ಯಾರು ಏನು ಹೇಳಿದರೂ ಹೌದಾ ಎಂಬಂತೆ ಒಂದು ನೋಟ. ಅವಳು ಒಂದೊಂದೇ ತಂತಿ ಮೀಟಿದಳು, ನಾನು ಬಿರಡೆ ತಿರುಗಿಸಿ ಶ್ರುತಿ ಕೂಡಿಸಿಕೊಟ್ಟೆ. ನುಡಿಸು ಎಂದೆ. ಅವಳು ಕಮಾನು ಎಳೆದಳು.

ನಾನು ಬಹಳ ಪಿಟೀಲು ಕೇಳಿದವಳು. ಕೇಳಿ ಕೇಳಿ ಬೇಸತ್ತವಳು ಎಂದರೂ ಸರಿಯೇ. ಆದರೆ ಅವಳು ಗಾಂಧಾರದ ಮೇಲೆ ಬಂದು ನಿಂತಾಗ ನನಗೆ ಸಿಟ್ಟೇ ಬಂತು. ಇಷ್ಟು ವರ್ಷ ನೀನು ಎಲ್ಲಿದ್ದೆ, ಇಷ್ಟು ವರ್ಷ ನಾನು ಏನನ್ನು ಕೇಳಿಕೊಂಡು ಕೂತಿದ್ದೆ ಎನ್ನುವ ಸಿಟ್ಟು. ವೃಂದದ ಹಿರಿಯ ಪಿಟೀಲು ಭಾರದ್ವಾಜರು ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. ಕಾಫಿಯ ಮೇಲೆ ಕೆನೆ ಕಟ್ಟಿತು. ಸಾಮಾನ್ಯವಾಗಿ ಕೆನೆ ಕಟ್ಟಿದ ಕಾಫಿಗೆ ಅವರು ಕ್ಯಾಂಟೀನಿನವನ ಜನ್ಮ ಜಾಲಾಡುತ್ತಾರೆ, ಅವತ್ತು ಕುಡಿದುಬಿಟ್ಟರು.

ಆಮೇಲೆ ವೃಂದದ ಜೊತೆ ಕೂರಿಸಿದೆವು. ಮೇಷ್ಟ್ರು ಕಟ್ಟಿದ ರಚನೆಯಲ್ಲಿ ಮೊದಲು ಪಿಟೀಲು ಒಂಟಿಯಾಗಿ ರಾಗ ತೆರೆಯಬೇಕು, ಒಬ್ಬೊಬ್ಬರಾಗಿ ಉಳಿದವರು ಸೇರಿಕೊಳ್ಳಬೇಕು, ನಡುವೆ ಕೊಳಲಿನ ಪಾಲು, ಕೊನೆಗೆ ಎಲ್ಲರೂ ಕೂಡಿ ನುಡಿಸುವಾಗ ಮೇದಿನಿ ಎಲ್ಲರಿಗಿಂತ ಮೇಲಿನ ಸಾಲನ್ನು ಹಿಡಿದುಕೊಂಡು ಹೋಗಬೇಕು. ಚೆನ್ನಾಗಿಯೇ ಹೋಯಿತು. ವೀಣೆ ಸೇರಿತು, ಚೆಲೋ ಸೇರಿತು, ಮೃದಂಗ ಶುರುವಾಯಿತು. ಎಲ್ಲರೂ ಕೂಡಿ ಏರುತ್ತಿರುವಾಗ ಹುಡುಗಿ ಕಮಾನು ಇಳಿಸಿ ತೊಡೆಯ ಮೇಲಿಟ್ಟುಕೊಂಡಳು.

"ಯಾಕೇ? ತಂತಿ ಹೋಯ್ತಾ?"

"ಇಲ್ಲ."

"ಬೆರಳು ನೋವಾ?"

"ಇಲ್ಲ ಕಿವಿಯಮ್ಮಾ. ನಾನು ನಿಲ್ಸಿದ್ರೂ ಚೆನ್ನಾಗೇ ಇದೆಯಲ್ಲಾ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಒಂಟಿಯಾಗಿ ನುಡಿಸುವಾಗ ಅವಳಿಗೆ ಏನೂ ಕೇಳುವುದಿಲ್ಲ, ಎದುರಿಗೆ ಕೂತವರ ಕೈ ನೋಡಿಕೊಂಡು ಹೋಗುತ್ತಾಳೆ, ಅಷ್ಟೇ. ಆದರೆ ಇಷ್ಟು ದೊಡ್ಡ ವೃಂದದ ಮಧ್ಯೆ ಅವಳು ಕೂತದ್ದು ಇದೇ ಮೊದಲು. ಸುತ್ತ ಎಲ್ಲರದೂ ಕೇಳುತ್ತಿದೆ, ತುಂಬಿಕೊಂಡು ಕೇಳುತ್ತಿದೆ, ಅದರಲ್ಲಿ ಇವಳಿಲ್ಲ. ಇವಳು ನುಡಿಸಿದರೂ ಇವಳ ಪಾಲಿಗೆ ಅದು ಅಷ್ಟೇ, ನಿಲ್ಲಿಸಿದರೂ ಅಷ್ಟೇ. ನಿಲ್ಲಿಸಿ ನೋಡಿದಳು, ಏನೂ ಕಡಿಮೆಯಾಗಲಿಲ್ಲ. ಹಾಗಾದರೆ ಸುಮ್ಮನೆ ಕೈ ಯಾಕೆ ನೋಯಿಸಿಕೊಳ್ಳಬೇಕು? ಹದಿಮೂರು ವರ್ಷದ ತಲೆಯಲ್ಲಿ ಇಂಥ ತರ್ಕ ಹೊಕ್ಕರೆ ಅದನ್ನು ಹೊರಗೆ ತೆಗೆಯುವುದು ದೇವರಿಂದಲೂ ಆಗದ ಕೆಲಸ.

"ನಿನಗೆ ಕೇಳ್ಸಲ್ಲ ಕಣೇ, ನಮಗೆ ಕೇಳ್ಸುತ್ತೆ," ಎಂದೆ.

"ಹಾಗಂತ ಎಲ್ರೂ ಹೇಳ್ತಾರೆ," ಎಂದಳು.

ಮರುದಿನ ಮತ್ತೆ ಅಲ್ಲಿಯೇ ನಿಲ್ಲಿಸಿದಳು. ಅದರ ಮರುದಿನ ಇನ್ನೂ ಮುಂಚೆ. ಹಟವೂ ಅಲ್ಲ, ತುಂಟತನವೂ ಅಲ್ಲ. ಸುಮ್ಮನೆ ತಲೆ ವಾರೆ ಮಾಡಿಕೊಂಡು ಉಳಿದವರದನ್ನು ಕೇಳುತ್ತಾ ಕೂರುತ್ತಿದ್ದಳು. ಬೈದರೆ ಅಳುತ್ತಿರಲಿಲ್ಲ. ನಾನು ಬೈಯುವುದರಲ್ಲಿ ಹೆಸರಾದವಳು, ಎಂತೆಂಥ ಮೃದಂಗದವರನ್ನು ಅಳಿಸಿದ್ದೇನೆ. ಈ ಚೋಟುದ್ದದ ಹುಡುಗಿ ಹೂಂ ಹೂಂ ಎಂದು ಕೇಳಿಸಿಕೊಂಡು ಉಗುರು ಕಚ್ಚುತ್ತಿದ್ದಳು. ಕೊನೆಗೆ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದರು. "ನೋಡಿ, ಇನ್ನೊಂದ್ಸಲ ಹೀಗಾದ್ರೆ ಅವಳನ್ನ ಬಿಟ್ಬಿಡೋಣ. ಪ್ರಹ್ಲಾದನಿಗೇ ಎರಡು ಪಾಲೂ ಕೊಡ್ತೀನಿ," ಎಂದರು. ಪ್ರಹ್ಲಾದ ಅಲ್ಲೇ ಬಾಗಿಲ ಬಳಿ ಇದ್ದ. "ನಂಗೇನೂ ತೊಂದ್ರೆ ಇಲ್ಲ ಮೇಷ್ಟ್ರೇ," ಎಂದ.

ಆ ಸಂಜೆ ಮೇದಿನಿಯ ತಾಯಿ ವನಮಾಲಾ ನಮ್ಮ ಮನೆಗೆ ಬಂದಳು. ಕೈಯಲ್ಲಿ ಕೋಡುಬಳೆ ತುಂಬಿದ ಡಬ್ಬಿ, ಕಣ್ಣಲ್ಲಿ ನೀರು. ಹಿಂದೆ ಮಗಳು, ಬಾಗಿಲಲ್ಲೇ ನಿಂತು ನಮ್ಮ ಮನೆಯ ಬೆಕ್ಕನ್ನು ನೋಡುತ್ತಿದ್ದಳು.

"ಈ ಕಛೇರಿ ಆದ್ಮೇಲೆ ಪಿಟೀಲು ಮುಟ್ಟಲ್ಲ ಅಂತಿದ್ದಾಳೆ ಅಂಬುಜಕ್ಕ. ಯಾರ ಮಾತೂ ನಂಬಲ್ಲ. ನಾನು ಏಳು ವರ್ಷದಿಂದ ಅವಳೆದುರು ಕೂತಿದೀನಿ, ನನ್ನ ಮಾತೂ ನಂಬಲ್ಲ. ನೀವು ಹೇಳಿ. ನೀವು ಸುಳ್ಳು ಹೇಳಲ್ಲ ಅಂತ ಊರಿಗೇ ಗೊತ್ತಲ್ಲ."

"ಅಮ್ಮ ಹೇಳೋದು ಯಾಕೆ ನಂಬಲ್ವೇ?" ಎಂದು ಮಗಳನ್ನು ಕೇಳಿದೆ.

ಮೇದಿನಿ ಬೆಕ್ಕಿನಿಂದ ಕಣ್ಣು ತೆಗೆಯದೆ ಹೇಳಿದಳು. ಒಂದು ದಿನ ಇವಳು ಅಭ್ಯಾಸ ಮಾಡುವಾಗ ಅಮ್ಮ ಎದುರಿಗೆ ಕೂತು ಹುರುಳಿಕಾಯಿ ಸೋಸುತ್ತಿದ್ದಳಂತೆ. ಒಂದು ಕಾಯಿ ಮುರಿಯುವುದು, ಒಂದು ಸಲ ಎದೆಯ ಮೇಲೆ ಕೈ ಇಡುವುದು, ಮತ್ತೊಂದು ಕಾಯಿ, ಮತ್ತೆ ಕೈ. ಇವಳಿಗೆ ಯಾಕೋ ಅನುಮಾನ ಬಂದು ಕಮಾನನ್ನು ತಂತಿಯಿಂದ ಎತ್ತಿ ಗಾಳಿಯಲ್ಲೇ ಆಡಿಸಿದಳು. ಅಮ್ಮನ ಕೈ ಹಾಗೆಯೇ ಕಾಯಿಗೂ ಎದೆಗೂ ಓಡಾಡುತ್ತಲೇ ಇತ್ತು. ಇವಳು ಒಂದು ಕೃತಿಯನ್ನೇ ಗಾಳಿಯಲ್ಲಿ ಮುಗಿಸಿದಳು. ಮುಗಿದಾಗ ಅಮ್ಮ, "ಇವತ್ತು ತುಂಬಾ ಚೆನ್ನಾಗಿ ಬಂತು ಪುಟ್ಟಿ," ಎಂದಳಂತೆ.

ವನಮಾಲಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಅವತ್ತು ಮನೆ ತುಂಬ ನೆಂಟ್ರು ಅಕ್ಕಾ, ನನ್ನ ತಲೆ ಎಲ್ಲಿತ್ತೋ," ಎಂದಳು.

ನಾನು ಅವಳಿಗೂ ಬೈದೆ. ಯಾವ ಮನೆಯಲ್ಲಿ ನೆಂಟರು ಬರುವುದಿಲ್ಲ, ಯಾವ ಮನೆಯಲ್ಲಿ ಹುರುಳಿಕಾಯಿ ಇರುವುದಿಲ್ಲ, ಮಗುವಿನ ಎದುರು ಕೂತು ಸುಳ್ಳು ಕೈ ಹಾಕಬಾರದು ಎಂಬಷ್ಟು ಗೊತ್ತಾಗುವುದಿಲ್ಲವೇ ಎಂದೆಲ್ಲ. ಆದರೆ ಬೈಯುತ್ತಿದ್ದಾಗಲೇ ನನಗೆ ಗೊತ್ತಿತ್ತು, ಇದು ಊರ ಪ್ರತಿ ಮನೆಯಲ್ಲೂ ನಡೆಯುವುದೇ. ಮಕ್ಕಳು ನುಡಿಸುತ್ತಾರೆ, ನಾವು ಸಾರಿಗೆ ಒಗ್ಗರಣೆ ಹಾಕುತ್ತಾ ಚೆನ್ನಾಗಿದೆ ಚೆನ್ನಾಗಿದೆ ಎನ್ನುತ್ತೇವೆ. ಬೇರೆ ಮಕ್ಕಳು ನಂಬಿಕೊಂಡು ದೊಡ್ಡವರಾಗುತ್ತಾರೆ. ಇವಳೊಬ್ಬಳು ಪರೀಕ್ಷೆ ಮಾಡಿ ನೋಡಿದಳು.

ಸರಿ, ಸಾಕ್ಷಿ ಕರೆಯೋಣ ಎಂದುಕೊಂಡೆ. ಮರುದಿನ ಅವಳನ್ನು ಅಭ್ಯಾಸದ ಕೋಣೆಯ ಕಿಟಕಿಯ ಬಳಿ ಕೂರಿಸಿ ನುಡಿಸಲು ಹೇಳಿದೆ. ಎದುರು ಅಂಗಡಿಯ ಟೈಲರ್ ಹೊಲಿಗೆ ಮಿಷನ್ ನಿಲ್ಲಿಸಿ ಎದ್ದುಬಂದ. ಹೂ ಮಾರುವವಳು ಬುಟ್ಟಿ ಇಳಿಸಿದಳು. "ಅಯ್ಯೋ ಎಂಥಾ ಕೈಯಮ್ಮಾ ನಿಂದು, ದೃಷ್ಟಿ ತೆಗೆಸ್ಕೋ," ಎಂದಳು. ನಾನು ಗೆದ್ದೆ ಎಂದುಕೊಂಡು ಮೇದಿನಿಯ ಮುಖ ನೋಡಿದೆ.

"ಚಿಕ್ಕ ಮಕ್ಕಳು ಅಂದ್ಮೇಲೆ ಎಲ್ರೂ ಹಾಗೇ ಅಂತಾರೆ. ಪ್ರಹ್ಲಾದನಿಗೂ ಅಂತಾರೆ," ಎಂದಳು.

ನಿಜವೇ. ಪ್ರಹ್ಲಾದನಿಗೂ ಅನ್ನುತ್ತಾರೆ.

ಕಛೇರಿಯ ಹಿಂದಿನ ದಿನ ಕೊನೆಯ ಅಭ್ಯಾಸ. ಇನ್ನು ಬೇರೆ ದಾರಿಯಿಲ್ಲ ಎನ್ನಿಸಿತು. ಅವಳು ಒಂಟಿಯಾಗಿ ರಾಗ ತೆರೆದು, ಮೇಲೆ ಹೋಗಿ, ಅಲ್ಲಿಂದ ಒಂದೊಂದೇ ಮೆಟ್ಟಿಲು ಇಳಿದು ಬರುವ ಜಾಗದಲ್ಲಿ ನಾನು ಎದೆಯ ಮೇಲೆ ಕೈ ಇಟ್ಟೆ. ಅವಳನ್ನು ಓಲೈಸಲು ಇಟ್ಟಿದ್ದಲ್ಲ, ಅಷ್ಟು ಮಾತ್ರ ನಂಬಿ. ಕೈ ತಾನೇ ಹೋಗಬೇಕೆನ್ನುತ್ತಿತ್ತು, ಮೊದಲ ದಿನದಿಂದಲೂ ನಾನೇ ಹಿಡಿದಿಟ್ಟಿದ್ದೆ, ಅವತ್ತು ಬಿಟ್ಟೆ. ಪಕ್ಕದಲ್ಲಿ ದೊಡ್ಡವರಿಗೆ ಕಿವಿ ಕೂತಿದ್ದವನು ಗಾಬರಿಯಾಗಿ ನನ್ನ ಕಡೆ ತಿರುಗಿದ. ವೀಣೆಯ ಕಾಶೀಬಾಯಿ ಬಾಯಿ ತೆರೆದರು. ತಿರುಮಲೆ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಇಡೀ ವೃಂದಕ್ಕೆ ತಿಳಿಯಿತು ಇವತ್ತು ಏನಾಯಿತು ಎಂದು, ಒಬ್ಬಳಿಗೆ ಬಿಟ್ಟು.

ಅವಳು ನನ್ನ ಕೈಯನ್ನು ನೋಡಿದಳು. ಮುಖದಲ್ಲಿ ಏನೋ ಆಸೆ ಬಂದಂತಾಗಿ ಆರಿಹೋಯಿತು. ಮುಗಿದ ಮೇಲೆ ಹತ್ತಿರ ಬಂದು, ಬೇಜಾರು ಮಾಡಿಕೊಳ್ಳಬೇಡಿ ಎನ್ನುವ ದನಿಯಲ್ಲಿ, "ಅಮ್ಮನೂ ಹಿಂಗೇ ಮಾಡೋದು," ಎಂದಳು.

ನನ್ನ ಮೈಯೆಲ್ಲ ಉರಿಯಿತು. ಜನ್ಮದಲ್ಲಿ ಯಾರಿಗೂ ಕೊಡದೆ ಕಾಪಾಡಿಕೊಂಡು ಬಂದದ್ದನ್ನು ತೆಗೆದುಕೊಟ್ಟರೆ, ಈ ಹುಡುಗಿ ಅದನ್ನು ಹುರುಳಿಕಾಯಿಯ ಸಿಪ್ಪೆಯ ಜೊತೆ ಗುಡಿಸಿ ಹಾಕಿದಳಲ್ಲ! ಮನೆಗೆ ಹೋಗಿ ಪಾತ್ರೆಗಳನ್ನು ಕುಕ್ಕಿದೆ. ನಮ್ಮ ಮನೆಯವರು ಏನಾಯಿತು ಎಂದರು. ಏನೂ ಇಲ್ಲ ಎಂದೆ. ಏನಾದರೂ ಆಗಲಿ, ನಾಳೆ ಅವಳು ನಿಲ್ಲಿಸಿದರೆ ನಿಲ್ಲಿಸಲಿ, ಪಿಟೀಲು ಅಟ್ಟದ ಮೇಲೆ ಹಾಕಲಿ, ನನಗೇನು ಹೋಗಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುತ್ತಲೇ ಗೊತ್ತಾಯಿತು, ಅವಳು ನುಡಿಸುವುದನ್ನು ಬಿಟ್ಟ ಮೇಲೆ ಈ ಊರಲ್ಲಿ ನಾನು ಇನ್ನೇನನ್ನು ಕೇಳಿಕೊಂಡು ಕೂರಲಿ? ಒಲೆಯ ಮೇಲಿನ ಹಾಲು ಉಕ್ಕಿಹೋಯಿತು. ಅದಕ್ಕೂ ಅವಳನ್ನೇ ಬೈದೆ.

ಕಛೇರಿಯ ದಿನ ಸಭಾಂಗಣ ಮಧ್ಯಾಹ್ನಕ್ಕೇ ತುಂಬಿತು. ಮೇಷ್ಟ್ರು ಮೇದಿನಿಯನ್ನು ಬಿಡಲಿಲ್ಲ. ನನ್ನ ಕೈ ಎದೆಗೆ ಹೋದದ್ದನ್ನು ನೋಡಿದ ಮೇಲೆ ಬಿಡುವ ಧೈರ್ಯ ಅವರಿಗೂ ಬರಲಿಲ್ಲ. ವನಮಾಲಾ ಎರಡನೆಯ ಸಾಲಿನಲ್ಲಿ ಬೆರಳು ಮುರಿಯುತ್ತಾ ಕೂತಿದ್ದಳು. ತಾತನ ನಶ್ಯದ ಡಬ್ಬಿಯನ್ನು ನಾನೇ ಬಾಗಿಲಲ್ಲಿ ಕಿತ್ತುಕೊಂಡಿದ್ದೆ. ಬಿರಡೆ ತಿರುಗಿಸಿ ಶ್ರುತಿ ಮಾಡಿಕೊಡುವಾಗ ಮೇದಿನಿಗೆ ಹೇಳಿದೆ, "ನಿಲ್ಸಬೇಡ ಕಣೇ. ಇದೊಂದು ದಿನ ನಿಲ್ಸಬೇಡ. ನಾಳೆ ಏನಾದ್ರೂ ಮಾಡ್ಕೋ."

"ಪ್ರಯತ್ನ ಪಡ್ತೀನಿ," ಎಂದಳು. ಅದು ಸುಳ್ಳಾಗಿರಲಿಲ್ಲ. ಅವಳು ಸುಳ್ಳು ಹೇಳುವ ಹುಡುಗಿಯಲ್ಲ, ಅದೇ ತಾನೆ ತೊಂದರೆ.

ರಾಗ ತೆರೆದಳು. ಅದರ ಬಗ್ಗೆ ನಾನು ಹೇಳುವುದಿಲ್ಲ, ಹೇಳಲು ಹೋದರೆ ಕೆಡುತ್ತದೆ. ಹಿಂದಿನ ಸಾಲಿನಲ್ಲಿ ಅಳುತ್ತಿದ್ದ ಒಂದು ಮಗು ಸುಮ್ಮನಾಯಿತು ಎಂದಷ್ಟೇ ಹೇಳಬಲ್ಲೆ. ವೀಣೆಗಳು ಬಂದವು. ಭಾರದ್ವಾಜರ ಪಿಟೀಲು ಬಂತು. ಪ್ರಹ್ಲಾದ ತನ್ನ ಪಾಲನ್ನು ನುಡಿಸಿ, ಷಡ್ಜವನ್ನು ಎಂದಿನಂತೆ ಏರಿಸಿ, ಜನರ ಕಡೆಗೆ ನೋಡಿ ನಕ್ಕ. ಮೃದಂಗ ಜೋರಾಯಿತು. ಎಲ್ಲರೂ ಕೂಡಿ ಏರತೊಡಗಿದರು. ಅವರೆಲ್ಲರ ಮೇಲೆ ಮೇದಿನಿ. ಅಷ್ಟೂ ಜನ ಅವಳನ್ನು ಹಿಡಿದುಕೊಂಡೇ ಹತ್ತುತ್ತಿದ್ದಾರೆ ಎಂಬುದು ಕೆಳಗೆ ಕೂತ ನಮಗೆಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. ಅವರಿಗೂ ಕೇಳುತ್ತಿತ್ತು. ಕೇಳದಿದ್ದದ್ದು ಅವಳಿಗೆ ಮಾತ್ರ.

ಅವಳ ತಲೆ ಮೆಲ್ಲಗೆ ವಾರೆಯಾಯಿತು.  ಬೇಡ ಬೇಡ ಎಂದು ಎರಡೂ ಕೈ ಆಡಿಸಿದೆ, ನಮ್ಮ ಸಂಜ್ಞೆಗಳಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ. ಅವಳು ನನ್ನನ್ನು ನೋಡಿದಳು, ಅಯ್ಯೋ ಪಾಪ ಎಂಬಂತೆ ನೋಡಿದಳು, ಕಮಾನು ಇಳಿಸಿ ತೊಡೆಯ ಮೇಲಿಟ್ಟುಕೊಂಡಳು.

ಅಭ್ಯಾಸದಲ್ಲಿ ಅವಳು ನಿಲ್ಲಿಸಿ ತಾಳದ ಒಂದು ಆವರ್ತವೂ ಮುಗಿಯುವ ಮೊದಲೇ ನಾನೋ ಮೇಷ್ಟ್ರೋ ಕೈ ತಟ್ಟಿ ಎಲ್ಲವನ್ನೂ ನಿಲ್ಲಿಸಿಬಿಡುತ್ತಿದ್ದೆವು. ಅವಳಿಲ್ಲದೆ ಮುಂದೆ ಹೋದರೆ ಏನಾಗುತ್ತದೆಂದು ನಾವ್ಯಾರೂ ಕೇಳಿರಲಿಲ್ಲ. ಕಛೇರಿಯಲ್ಲಿ ಯಾರು ಕೈ ತಟ್ಟುತ್ತಾರೆ? ಮುಂದೆ ಹೋಯಿತು. ಒಂದು ಆವರ್ತ ಹೋಯಿತು, ಏನೂ ಆಗಲಿಲ್ಲ. ಆಮೇಲೆ ಭಾರದ್ವಾಜರ ಕಮಾನು ತಡವರಿಸಿತು. ಅವರು ಅವಳ ಕಡೆ ತಿರುಗಿ ನೋಡಿದರು, ನೋಡುತ್ತಲೇ ಕೈ ನಿಂತಿತು. ಕಾಶೀಬಾಯಿಯ ವೀಣೆ ಎರಡು ಸ್ವರ ತಪ್ಪಿ ಸುಮ್ಮನಾಯಿತು. ಚೆಲೋ ಎಲ್ಲೋ ಕೆಳಗೆ ಒಂದೇ ಜಾಗದಲ್ಲಿ ಸುತ್ತಿ ಸುತ್ತಿ ನಿಂತಿತು. ಸಭೆಯಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡಿದರು. ಮೃದಂಗದವರು ಒಬ್ಬರೇ ಸ್ವಲ್ಪ ದೂರ ನಡೆದು ಕೈ ಎತ್ತಿಬಿಟ್ಟರು. ಪ್ರಹ್ಲಾದ ಮಾತ್ರ ಊದುತ್ತಲೇ ಇದ್ದ. ತನ್ನನ್ನು ಕೇಳಲೆಂದೇ ಎಲ್ಲರೂ ನಿಲ್ಲಿಸಿದ್ದಾರೆ ಎಂದು ಅವನು ತಿಳಿದುಕೊಂಡಿದ್ದ.

ಕಛೇರಿ ನಡೆಯುವಾಗ ಕಿವಿ ಕೂತವರು ಬಾಯಿ ಬಿಡುವಂತಿಲ್ಲ. ಬೆಂಕಿ ಬಿದ್ದರೂ ಕೈ ಸನ್ನೆಯಲ್ಲೇ ಹೇಳಬೇಕು. ನಾನು ಎದ್ದು ನಿಂತೆ. ಎದ್ದದ್ದೂ ನನಗೆ ಗೊತ್ತಾಗಲಿಲ್ಲ. ಸಿಟ್ಟು ಎಂದರೆ ಸಿಟ್ಟು, ಜಾತ್ರೆಯಲ್ಲಿ ಕೈ ಬಿಡಿಸಿಕೊಂಡು ಹೋದ ಮಗುವಿನ ಮೇಲೆ ಬರುವಂಥ ಸಿಟ್ಟು.

"ಲೇ ಮೇದಿನೀ! ಎಲ್ಲಿ ಹೋದ್ಯೇ?"

ಇಡೀ ಸಭೆಗೆ ಕೇಳುವಂತೆ ಕೂಗಿದ್ದೆ. ಪ್ರಹ್ಲಾದನ ಕೊಳಲೂ ನಿಂತಿತು.

ಅವಳು ಬೆಚ್ಚಿಬಿದ್ದು, "ಇಲ್ಲೇ ಇದೀನಿ ಕಿವಿಯಮ್ಮಾ," ಎಂದಳು.

"ಇಲ್ಲ! ಇಲ್ಲಿಲ್ಲ ನೀನು! ಇಲ್ಲಿದ್ಯಂತೆ, ಎಲ್ಲಿದೀಯ? ನೋಡು ಇವರನ್ನೆಲ್ಲ, ದಾರಿ ತಪ್ಪಿ ನಿಂತಿದ್ದಾರೆ! ಬಾರೇ! ಬೇಗ ಬಾ!"

 ಕಣ್ಣಲ್ಲಿ ನೀರು ಬಂದಿತ್ತು, ಅದಕ್ಕೂ ಸಿಟ್ಟೇ ಕಾರಣ ಎಂದು ಯಾರು ಕೇಳಿದರೂ ಹೇಳುತ್ತೇನೆ. ಮೇದಿನಿ ಸುತ್ತ ನೋಡಿದಳು. ಭಾರದ್ವಾಜರು ಕಮಾನು ಗಾಳಿಯಲ್ಲಿ ಹಿಡಿದು ಅವಳಿಗಾಗಿ ಕಾಯುತ್ತಿದ್ದರು. ಕಾಶೀಬಾಯಿಯ ಬೆರಳು ತಂತಿಯ ಮೇಲೆ ಕಾಯುತ್ತಿತ್ತು. ಮೇಷ್ಟ್ರು ಎರಡೂ ಕೈ ಚಾಚಿ ಹಾಗೇ ನಿಂತಿದ್ದರು. ಅಷ್ಟು ಹೊತ್ತು ಅವಳ ಕಿವಿಗೆ ತುಂಬಿಕೊಂಡಿದ್ದದ್ದೆಲ್ಲ ಹೋಗಿ ಸಭಾಂಗಣ ಖಾಲಿಯಾಗಿತ್ತು. ಆ ಖಾಲಿಯನ್ನು ಅವಳು ಕೇಳಿದಳು. ನಾವು ಎಷ್ಟು ಹೇಳಿದರೂ ಕೇಳಿಸದಿದ್ದದ್ದು ಅವಳಿಗೆ ಆಗ ಕೇಳಿಸಿತು.

ಕಮಾನು ಎತ್ತಿದಳು. ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದಲೇ ಹಿಡಿದಳು. ಎರಡು ಸ್ವರ ಆಗುವಷ್ಟರಲ್ಲಿ ಭಾರದ್ವಾಜರು ಬಂದರು, ವೀಣೆ ಬಂತು, ಚೆಲೋ ಬಂತು, ಮೃದಂಗ ಓಡೋಡಿ ಬಂತು. ನಾನು ಕೂತುಕೊಂಡೆ.  ಕೊನೆಯವರೆಗೂ ನಾನು ಅವಳಿಗೆ ಒಂದೇ ಒಂದು ಸನ್ನೆಯನ್ನೂ ಮಾಡಲಿಲ್ಲ, ಅವಳೂ ನನ್ನ ಕಡೆ ನೋಡಲಿಲ್ಲ. ಬೇರೆಯವರು ತನ್ನ ಹಿಂದೆ ಬರುತ್ತಿದ್ದಾರೋ ಇಲ್ಲವೋ ಎಂದಷ್ಟೇ ಕೇಳಿಸಿಕೊಳ್ಳುತ್ತಾ ನುಡಿಸಿದಳು.

ಮುಗಿದ ಮೇಲೆ ಮೇಷ್ಟ್ರು ನನ್ನ ಮೇಲೆ ಹಾರಾಡಿದರು. ಇಷ್ಟು ವರ್ಷದ ಮರ್ಯಾದೆ ಹೋಯಿತು, ಕಛೇರಿಯ ಮಧ್ಯೆ ಸಂತೆಯ ಹಾಗೆ ಕೂಗುವುದೇ, ಇನ್ನು ಮುಂದೆ ನಿಮ್ಮನ್ನು ಕೂರಿಸಬೇಕೋ ಬೇಡವೋ ಯೋಚಿಸಬೇಕಾಗುತ್ತದೆ ಎಂದರು. ಯೋಚಿಸಿ ಎಂದೆ. ಪ್ರಹ್ಲಾದ ಬಂದು, "ಎಲ್ರೂ ನಿಲ್ಸಿ ನನ್ನನ್ನ ಒಂಟಿಯಾಗಿ ಬಿಟ್ರಲ್ಲ, ಅದು ಹೇಗಿತ್ತು?" ಎಂದು ಕೇಳಿದ. ತಾತನ ನಶ್ಯದ ಡಬ್ಬಿಯನ್ನು ಅವನ ಕೈಯಲ್ಲಿಟ್ಟು ಕಳಿಸಿದೆ.

ಸಭಾಂಗಣದ ಮೆಟ್ಟಿಲ ಮೇಲೆ ಮೇದಿನಿ ನನ್ನನ್ನು ಕಾಯುತ್ತಾ ನಿಂತಿದ್ದಳು. ಪಿಟೀಲಿನ ಪೆಟ್ಟಿಗೆಯನ್ನು ಎರಡು ಕೈಯಲ್ಲೂ ತಬ್ಬಿಕೊಂಡಿದ್ದಳು. ವನಮಾಲಾ ಸ್ವಲ್ಪ ದೂರದಲ್ಲಿ ಯಾರ ಜೊತೆಗೋ ಮಾತಾಡುವಂತೆ ನಟಿಸುತ್ತಾ ಕಿವಿ ಎಲ್ಲ ಇತ್ತಲೇ ಇಟ್ಟುಕೊಂಡಿದ್ದಳು.

"ಕಿವಿಯಮ್ಮಾ, ನಾನು ನಿಲ್ಸಿದಾಗ ಏನಾಯ್ತು?"

"ಏನಾಯ್ತಾ? ಹಾಳಾಯ್ತು. ಕಛೇರಿನೇ ಹಾಳು ಮಾಡಿಟ್ಟೆ. ಭಾರದ್ವಾಜರು ಬಿದ್ದರು, ವೀಣೆಯವರು ಬಿದ್ದರು, ಆ ಮೃದಂಗದ ಮನುಷ್ಯ ಎಲ್ಲಿಗೆ ಹೋಗಬೇಕು ಅಂತ ತಿಳೀದೆ ಒಬ್ನೇ ಒದ್ದಾಡಿದ. ನನ್ನ ಹೆಸರಿಗೂ ಮಸಿ ಬಳಿದೆ. ನೋಡು, ಮೇಷ್ಟ್ರು ಇನ್ನೂ ಕೂಗಾಡ್ತಿದ್ದಾರೆ."

"ಪೂರ್ತಿ ಹಾಳಾಯ್ತಾ?"

"ಪೂರ್ತಿ. ನಿನ್ನ ಜಾಗದಲ್ಲಿ ಬಾವಿ ತೋಡಿದ ಹಾಗಿತ್ತು. ಕೇಳೋಕಾಗ್ಲಿಲ್ಲ. ಇನ್ನೊಂದು ಸಲ ಹಂಗೆ ಮಾಡಿದ್ರೆ ನಿನ್ನ ಕಿವಿ ಹಿಂಡಿ ಕೈಗೆ ಕೊಡ್ತೀನಿ ನೋಡು."

ಅವಳ ಮುಖ ಅರಳತೊಡಗಿತ್ತು. ಚೆನ್ನಾಗಿದ್ದರೂ ಚೆನ್ನಾಗಿಲ್ಲದಿದ್ದರೂ ಚೆನ್ನಾಗಿದೆ ಎಂದೇ ಕೇಳಿ ಬೆಳೆದ ಹುಡುಗಿ. ಕಣ್ಣಲ್ಲಿ ನೀರು ತುಂಬಿಕೊಂಡು, ಕೆನ್ನೆ ಕೆಂಪಗಾಗಿ, ನನಗೆ ಇನ್ನೂ ಹತ್ತಿರ ಬಂದು ನಿಂತಳು.

"ಇನ್ನೊಂದ್ಸಲ ಹೇಳಿ," ಎಂದಳು.

ಹೇಳಿದೆ. ಇನ್ನಷ್ಟು ಸೇರಿಸಿ ಹೇಳಿದೆ. ಬೀದಿಯ ಉದ್ದಕ್ಕೂ ಅವಳು ನನ್ನ ಪಕ್ಕದಲ್ಲಿ ನಡೆಯುತ್ತಾ, ಭಾರದ್ವಾಜರ ಮುಖ ಹೇಗಾಗಿತ್ತು, ಮೊದಲು ಬಿದ್ದವರು ಯಾರು, ಹಿಂದಿನ ಸಾಲಿನವರಿಗೂ ಗೊತ್ತಾಯಿತಾ ಎಂದು ಕೇಳಿ ಕೇಳಿ ಬೈಸಿಕೊಂಡಳು. ಹಿಂದೆ ಬರುತ್ತಿದ್ದ ವನಮಾಲಾ ಕಣ್ಣು ಮೂಗು ಒರೆಸಿಕೊಳ್ಳುತ್ತಿದ್ದಳು. ನಮ್ಮ ಮನೆಯ ತಿರುವು ಬಂದಾಗ ನನ್ನ ಗಂಟಲು ಒಣಗಿಹೋಗಿತ್ತು.

"ನಾಳೆ ಎಷ್ಟೊತ್ತಿಗೆ ಬರ್ಲಿ?" ಎಂದಳು ಮೇದಿನಿ.

"ನಾಳೆ ಯಾಕೇ? ಕಛೇರಿ ಮುಗೀತಲ್ಲ. ಪಿಟೀಲು ಮುಟ್ಟಲ್ಲ ಅಂದಿದ್ಯಲ್ಲ. ನನಗೆ ನಾಳೆ ರಜ. ಮಧ್ಯಾಹ್ನದವರೆಗೂ ಮಲಗ್ತೀನಿ ನಾನು."

"ಹಾಗಾದ್ರೆ ಆರಕ್ಕೇ ಬರ್ತೀನಿ," ಎಂದವಳೇ ಓಡಿದಳು.